ಚಪ್ಪಟೆ ಪಾದ: ಒಂದು ಹೆಜ್ಜೆಗುರುತಿನ ಇತಿಹಾಸ

ಒದ್ದೆ ಕಾಲನ್ನು ಒಣ ನೆಲದ ಮೇಲೆ ಊರಿದರೆ ಕೆಲವರ ಹೆಜ್ಜೆಯ ಒಳಬದಿಯಲ್ಲಿ ಅರ್ಧಚಂದ್ರದಂಥ ಖಾಲಿ ಜಾಗ ಉಳಿಯುತ್ತದೆ. ಇನ್ನು ಕೆಲವರ ಹೆಜ್ಜೆ ಇಡಿಯಾಗಿ ಮೂಡುತ್ತದೆ. ಹೀಗೆ ಇಡಿಯಾಗಿ ಮೂಡುವ ಪಾದವೇ ಚಪ್ಪಟೆ ಪಾದ, ಎಲ್ಲರ ಬಾಯಲ್ಲಿ ಫ್ಲಾಟ್ ಫೂಟ್. ನೋವಿಲ್ಲದಿದ್ದರೂ ಇದೊಂದು ದೋಷ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ.

ಈ ವಿಷಯ ನನ್ನ ತಲೆ ಹೊಕ್ಕಿದ್ದು ಚಿಕ್ಕಮ್ಮನ ಮಗಳಿಂದ. ಕಾನ್‌ಸ್ಟೆಬಲ್ ನೇಮಕಾತಿಯೊಂದರಲ್ಲಿ ಅವಳು ಓಟ, ಉದ್ದ ಜಿಗಿತ ಎಲ್ಲ ಪಾಸಾಗಿದ್ದಳು. ಆಮೇಲೆ ವೈದ್ಯಕೀಯ ತಪಾಸಣೆಯಲ್ಲಿ ‘ಫ್ಲಾಟ್ ಫೂಟ್’ ಎಂದು ಬರೆದು ಮನೆಗೆ ಕಳಿಸಿದರು. ಓಡಿ ತೋರಿಸಿದ ಕಾಲು ಸುಮ್ಮನೆ ನಿಂತಾಗ ಅನರ್ಹವಾದದ್ದು ಹೇಗೆ? ಎಂ.ಟೆಕ್ ಮುಗಿಸಿ ಪುಣೆಯ ಐಟಿ ಕಂಪನಿಯಲ್ಲಿ ದಿನವಿಡೀ ಅಂಕಿಅಂಶಗಳ ಜೊತೆ ಕೂರುವವಳು ನಾನು. ಒಂದು ಅಳತೆ ಎಲ್ಲಿಂದ ಬಂತು, ಯಾತಕ್ಕಾಗಿ ಬಂತು ಎಂದು ಕೇಳುವುದು ನನಗೆ ಅಭ್ಯಾಸವಾಗಿಹೋಗಿದೆ. ಹಾಗೆ ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ಒಂದು ಸೋಜಿಗ. ಬೌದ್ಧ ಗ್ರಂಥ ದೀಘನಿಕಾಯದಲ್ಲಿ ಮಹಾಪುರುಷನ 32 ಲಕ್ಷಣಗಳ ಪಟ್ಟಿಯಿದೆ. ಅದರಲ್ಲಿ ಮೊದಲನೆಯದೇ ನೆಲಕ್ಕೆ ಸಮವಾಗಿ ಊರುವ ಪಾದ! ಇನ್ನು ಗೋಕುಲಾಷ್ಟಮಿಯಂದು ಮುಷ್ಟಿಯ ಅಂಚನ್ನು ಹಿಟ್ಟಿನಲ್ಲಿ ಅದ್ದಿ ನಾವು ಮೂಡಿಸುವ ಕೃಷ್ಣನ ಪುಟ್ಟ ಹೆಜ್ಜೆಗಳಲ್ಲಿ ಚೆಂದದ ಕಮಾನಿರುತ್ತದೆ. ನಿಜವಾದ ಅಂಬೆಗಾಲಿನ ಕೂಸಿನ ಪಾದದಲ್ಲಿ ಅದು ಕಾಣುವುದಿಲ್ಲ. ಎಳೆಯ ಮಕ್ಕಳ ಅಂಗಾಲಿನಲ್ಲಿ ಕೊಬ್ಬು ತುಂಬಿರುತ್ತದೆ, ಕೀಲುಗಳ ಕಟ್ಟು ಸಡಿಲವಾಗಿರುತ್ತದೆ. ನಮ್ಮ ಪಾದದಲ್ಲಿ 26 ಮೂಳೆಗಳಿವೆ. ಅವುಗಳನ್ನು ಬಿಗಿದು ಹಿಡಿದ ರಜ್ಜುಗಳು, ಸ್ನಾಯುಗಳು ಬಲಿತಂತೆ ಬಾಲ್ಯದ ಮೊದಲ ಹತ್ತು ವರ್ಷಗಳಲ್ಲಿ ಬಹುತೇಕರಿಗೆ ಕಮಾನು ತಾನಾಗಿ ಏಳುತ್ತದೆ. ಕೆಲವರಿಗೆ ಏಳುವುದೇ ಇಲ್ಲ, ಅವರೂ ಹಾಯಾಗಿ ನಡೆದಾಡುತ್ತಾರೆ.

ಇದು ಕಾಯಿಲೆಯ ಹಣೆಪಟ್ಟಿ ಹೊತ್ತದ್ದು ಮುಖ್ಯವಾಗಿ 19ನೇ ಶತಮಾನದ ಕೊನೆಯಲ್ಲಿ, ಯುರೋಪ್ ಮತ್ತು ಅಮೆರಿಕಗಳಲ್ಲಿ. ನಿಂತೇ ದುಡಿಯುವವರ ಪಾದನೋವು ವೈದ್ಯರ ಗಮನ ಸೆಳೆದಿತ್ತು. ಅಮೆರಿಕದ ಶಸ್ತ್ರವೈದ್ಯ ರಾಯಲ್ ವಿಟ್‌ಮನ್ 1888ರಲ್ಲಿ ಇಂಥ 45 ರೋಗಿಗಳ ಬಗ್ಗೆ ಬರೆದರು. ಷೂ ಒಳಗೆ ಕಮಾನಿಗೆ ಆಸರೆಯಾಗಿ ಇಡುವ ಲೋಹದ ತಗಡು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 20ನೇ ಶತಮಾನದ ಆರಂಭದಲ್ಲಿ ಷಿಕಾಗೋದ ವಿಲಿಯಂ ಶೋಲ್ ಕಮಾನಿನ ಆಸರೆಗಳನ್ನು ಅಂಗಡಿಯ ಸರಕನ್ನಾಗಿ ಮಾಡಿದರು. ನೋವಿದ್ದವರಿಗಾಗಿ ಹುಟ್ಟಿದ ಉಪಾಯ ನೋವಿಲ್ಲದವರನ್ನೂ ಹುಡುಕಿಕೊಂಡು ಹೊರಟಿತು. ಅದರ ಬೆನ್ನಿಗೇ ಮಹಾಯುದ್ಧಗಳು ಬಂದವು. ಸಾಲಾಗಿ ನಿಂತ ಸಾವಿರಾರು ಯುವಕರನ್ನು ಬೇಗ ಬೇಗ ವಿಂಗಡಿಸಬೇಕಿದ್ದ ಸೇನೆಗಳಿಗೆ, ನೋಡಿದ ಕೂಡಲೇ ಕಾಣುವ ಈ ಗುರುತು ಅನುಕೂಲವೇ ಆಯಿತು.

ಇದನ್ನು ಪ್ರಶ್ನಿಸಿದವರು ಆಗಲೂ ಇದ್ದರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1904ರಲ್ಲಿ ನಡೆದ ವಿಶ್ವಮೇಳಕ್ಕೆ ಫಿಲಿಪೀನ್ಸ್ ಮತ್ತು ಆಫ್ರಿಕಾದ ಜನರನ್ನು ಕರೆತಂದು ಪ್ರದರ್ಶನದ ವಸ್ತುಗಳಂತೆ ಕೂರಿಸಿದ್ದರು. ನೆನೆದರೆ ಈಗಲೂ ಮುಜುಗರವಾಗುವ ಸಂಗತಿ ಅದು. ಅಂಥ ಬರಿಗಾಲಿನ ಜನರ 186 ಜೊತೆ ಪಾದಗಳನ್ನು ಪರೀಕ್ಷಿಸಿದ ವೈದ್ಯ ಫಿಲ್ ಹಾಫ್‌ಮನ್, ಕಮಾನಿನ ಎತ್ತರಕ್ಕೂ ಪಾದದ ಶಕ್ತಿಗೂ ಸಂಬಂಧವಿಲ್ಲ ಎಂದು 1905ರಲ್ಲೇ ಬರೆದರು. ಆ ಮಾತು ಹೆಚ್ಚು ದೂರ ಹೋಗಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾದ ಹ್ಯಾರಿಸ್ ಮತ್ತು ಬೀತ್ ಎಂಬ ವೈದ್ಯರು ಸುಮಾರು 3,600 ಸೈನಿಕರ ಪಾದಗಳನ್ನು ಪರೀಕ್ಷಿಸಿ 1947ರಲ್ಲಿ ವರದಿ ಕೊಟ್ಟರು. ಚಪ್ಪಟೆ ಪಾದಗಳಲ್ಲಿ ಬಹುಪಾಲು ಗಟ್ಟಿಮುಟ್ಟಾದ, ಸಹಜ ಪಾದಗಳೇ. ತೊಂದರೆ ಕೊಡುವುದು ಕೆಲವು ಬಗೆಯವು ಮಾತ್ರ: ಹಿಮ್ಮಡಿಯ ಹಿಂದಿನ ರಜ್ಜು ಗಿಡ್ಡವಾಗಿರುವಂಥವು ಇಲ್ಲವೇ ಮೂಳೆಗಳು ಒಂದಕ್ಕೊಂದು ಬೆಸೆದು ಸೆಟೆದುಕೊಂಡಂಥವು. 1993ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತರಬೇತಿ ಪಡೆಯುತ್ತಿದ್ದ 246 ಅಮೆರಿಕನ್ ಕಾಲಾಳುಗಳನ್ನು ಗಮನಿಸಿತ್ತು. ಅದರಲ್ಲಿ ಹೆಚ್ಚು ಗಾಯಗೊಂಡವರು ಕಮಾನು ತೀರಾ ಎತ್ತರವಾಗಿದ್ದವರು, ಚಪ್ಪಟೆ ಪಾದದವರಲ್ಲ!

ಮಕ್ಕಳ ವಿಶೇಷ ಷೂಗಳ ಕಥೆಯೂ ಹೀಗೆಯೇ. 1989ರಲ್ಲಿ ಅಮೆರಿಕದ ವೆಂಗರ್ ಮತ್ತು ಸಂಗಡಿಗರು ಒಂದರಿಂದ ಆರು ವರ್ಷದ 129 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೂರು ವರ್ಷ ಪೂರ್ತಿ ಉಳಿದವರು 98 ಮಕ್ಕಳು. ವಿಶೇಷ ಷೂ, ಇನ್‌ಸೋಲ್ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಕಾಣಲಿಲ್ಲ. ಎಲ್ಲರ ಪಾದಗಳೂ ಬೆಳೆಯುತ್ತಾ ಸುಧಾರಿಸಿದ್ದವು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಪುಟ ನಮ್ಮ ಮಣಿಪಾಲದ್ದು. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್, 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ಅಳೆದರು. 1992ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮೂಳೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೆಕ್ಕ ಇದು: ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6%, ಬರಿಗಾಲಿನ ಮಕ್ಕಳಲ್ಲಿ ಬರೀ 2.8%. ಮುಂಭಾಗ ಮುಚ್ಚಿದ ಷೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಸ್ಯಾಂಡಲ್ ಹಾಕುವವರಲ್ಲಿ ಕಡಿಮೆ. ಕೀಲುಗಳು ಸಡಿಲವಾಗಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತಿತ್ತು. ಷೂ ಇಲ್ಲದೆ ಶಾಲೆಗೆ ಹೋಗುವುದು ನಾಚಿಕೆ ಎಂದು ನಮ್ಮ ಹಿಂದಿನ ತಲೆಮಾರು ನೊಂದಿತ್ತಲ್ಲ, ಆ ಬರಿಗಾಲುಗಳೇ ಕಮಾನಿನ ವಿಷಯದಲ್ಲಿ ಮುಂದಿದ್ದವು. ಈ ಅಧ್ಯಯನವನ್ನು ಮಕ್ಕಳ ಪಾದದ ಬಗ್ಗೆ ಬರೆಯುವ ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ.

ಇಷ್ಟಾದರೂ ಹಳೆಯ ಗುರುತು ಅರ್ಜಿಗಳಲ್ಲಿ ಉಳಿದಿದೆ. ನಮ್ಮ ಅರೆಸೇನಾ ಪಡೆಗಳ ಪ್ರಕಟಣೆಗಳಲ್ಲಿ ಮಂಡಿ ತಾಗುವ ಕಾಲು, ಮೆಳ್ಳಗಣ್ಣಿನ ಜೊತೆಗೆ ಚಪ್ಪಟೆ ಪಾದವೂ ಇರಬಾರದು ಎಂದಿರುತ್ತದೆ. ಸೇನೆಯ ವೈದ್ಯಕೀಯ ನಿಯಮಗಳು ಸ್ವಲ್ಪ ಸೂಕ್ಷ್ಮವಾಗಿವೆ: ತುದಿಗಾಲಿನ ಮೇಲೆ ನಿಂತಾಗ ಕಮಾನು ಮೂಡಿದರೆ, ತುದಿಗಾಲಲ್ಲಿ ಚೆನ್ನಾಗಿ ಓಡಬಲ್ಲವರಾದರೆ ಒಪ್ಪುತ್ತಾರೆ. ಆದ್ದರಿಂದ ನೇಮಕಾತಿಗೆ ತಯಾರಾಗುವ ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯುವ ಮುನ್ನವೇ ಮೂಳೆ ವೈದ್ಯರ ಬಳಿ ಇದನ್ನು ಪರೀಕ್ಷಿಸಿಕೊಂಡು, ನಿಯಮ ಓದಿಕೊಳ್ಳುವುದು ಒಳ್ಳೆಯದು. ವರ್ಷಗಟ್ಟಲೆ ಬೆವರು ಸುರಿಸಿದ ಮೇಲೆ ಒಂದು ಸಾಲಿನಲ್ಲಿ ಎಲ್ಲ ಮುಗಿಯುವುದು ಎಷ್ಟು ಕಷ್ಟ ಎಂದು ನಮ್ಮ ಮನೆಯವರು ಕಂಡಿದ್ದೇವೆ.

ಮಹಿಳೆಯರಾದ ನಾವು ತಿಳಿಯಬೇಕಾದ ಮಾತು ಇನ್ನೊಂದಿದೆ. ಅಮೆರಿಕದ ಅಯೋವಾದಲ್ಲಿ 49 ಗರ್ಭಿಣಿಯರನ್ನು ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗರ್ಭಧಾರಣೆಯಲ್ಲಿ, ಅದರಲ್ಲೂ ಮೊದಲನೆಯದರಲ್ಲಿ, ಕಮಾನು ತುಸು ಕುಸಿದು ಪಾದ ಉದ್ದವಾಗುತ್ತದೆ, ಹೆರಿಗೆಯ ನಂತರವೂ ಹಾಗೇ ಉಳಿಯಬಹುದು ಎಂದು ಅದು ತೋರಿಸಿತು. ಬಾಣಂತನದ ನಂತರ ಹಳೆಯ ಚಪ್ಪಲಿ ಹಿಡಿಯುವುದಿಲ್ಲ ಎಂದರೆ ಅದು ಭ್ರಮೆಯಲ್ಲ. ಹಾಗೆಯೇ ನಡುವಯಸ್ಸಿನ ಹೆಂಗಸರಲ್ಲಿ ಕಮಾನನ್ನು ಎತ್ತಿಹಿಡಿಯುವ, ಒಳಗಣಕಾಲಿನ ಹಿಂದಿನ ರಜ್ಜು ಸವೆದು ಪಾದ ಕುಸಿಯುವುದುಂಟು. ಒಂದೇ ಕಾಲು ಹೊಸದಾಗಿ ಚಪ್ಪಟೆಯಾದರೆ, ಒಳಗಣಕಾಲಿನಲ್ಲಿ ನೋವು, ಊತ ಬಂದರೆ, ಒಂಟಿ ಕಾಲಿನ ತುದಿಯ ಮೇಲೆ ಏಳಲಾಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಕ್ಕಳ ಪಾದ ಬಿಗಿಯಾಗಿ ಸೆಟೆದಿದ್ದರೆ, ನೋವೆಂದು ಆಟ ಬಿಟ್ಟು ಕೂತರೆ ಆಗಲೂ ಅಷ್ಟೇ.

ನೋವಿಲ್ಲದೆ ಕುಣಿದಾಡುವ ಮಗುವಿನ ಚಪ್ಪಟೆ ಪಾದ ನೋಡಿ ಯಾರಾದರೂ ದುಬಾರಿ ಷೂ ತೋರಿಸಿದರೆ ಮಾತ್ರ, ಮಣಿಪಾಲದ ಆ 2,300 ಹೆಜ್ಜೆಗುರುತುಗಳನ್ನು ನೆನಪಿಸಿಕೊಳ್ಳಿ. ಮನೆಯೊಳಗೆ, ಹುಲ್ಲಿನ ಮೇಲೆ, ಮರಳಿನಲ್ಲಿ ಮಗು ಒಂದಷ್ಟು ಹೊತ್ತು ಬರಿಗಾಲಲ್ಲಿ ಓಡಲಿ. ಅದಕ್ಕೆ ಖರ್ಚೂ ಇಲ್ಲ.