ಬೆಂಗಳೂರಿನ ಭಾನುವಾರ

ವಾರಾಂತ್ಯವೆಂಬ ಮಾತು ಕನ್ನಡಕ್ಕೆ ಹೊಸದು. ನಮ್ಮ ಹಿರಿಯರು ದಿನಗಳನ್ನು ಗುರುತಿಟ್ಟುಕೊಳ್ಳುತ್ತಿದ್ದುದು ಸಂತೆಯಿಂದ, ಜಾತ್ರೆಯಿಂದ, ಏಕಾದಶಿ ಅಮಾವಾಸ್ಯೆಗಳಿಂದ. ಹಳೆಯ ಮೈಸೂರು ಸೀಮೆಯ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ; ಅದು ಬಸವನ ದಿನ. ದುಡಿಯುವ ಮನುಷ್ಯನಿಗಿಂತ ಮೊದಲು ದುಡಿಯುವ ಎತ್ತಿಗೆ ವಾರದ ರಜೆ ಸಿಕ್ಕಿತ್ತೆಂದರೆ ತಪ್ಪಾಗದು.

ಇಂದು ಬೆಂಗಳೂರಿನಲ್ಲಿ ಭಾನುವಾರ ಬೆಳಗಾಯಿತೆಂದರೆ ಹೋಟೆಲಿನ ಮುಂದೆ ಸಾಲು, ಮೈದಾನದಲ್ಲಿ ಚೆಂಡು, ಸಂಜೆಗೆ ಒಂದಲ್ಲ ಒಂದು ತಿಂಡಿಯ ಮೇಳ. ಇದೆಲ್ಲ ಎಂದಿನಿಂದಲೂ ಹೀಗೆಯೇ ಇತ್ತೆಂದು ತೋರುತ್ತದೆ. ಆದರೆ ಈ ಸಂತೋಷದ ಒಂದೊಂದು ಎಳೆಗೂ ಒಂದೊಂದು ಚರಿತ್ರೆಯುಂಟು.

ಮೊದಲು ರಜೆಯ ಮಾತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. ದಂಡಿನ ದೊರೆಗಳಿಗೆ ಭಾನುವಾರ ಇಗರ್ಜಿಯ ದಿನ, ಬಿಡುವಿನ ದಿನ. ಪೇಟೆಯ ಕೂಲಿಕಾರನಿಗೆ ಅದು ಏಳರಲ್ಲಿ ಇನ್ನೊಂದು ದಿನ, ಅಷ್ಟೆ. ಅತ್ತ ಮುಂಬಯಿಯಲ್ಲಿ ಗಿರಣಿ ಕೆಲಸಗಾರರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ವಾರಕ್ಕೊಂದು ರಜೆಯನ್ನು ಪಡೆದರು. ಮುಂದೆ ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಆರಂಭವಾದವು. ತಿಂಗಳಿಗೆ ಸಂಬಳ, ವಾರಕ್ಕೆ ರಜೆ ಎಂಬ ಬಾಳು ಸಾವಿರಾರು ಮನೆಗಳಿಗೆ ಬಂದುದು ಹೀಗೆ.

ಇನ್ನು ಹೊರಗೆ ಉಣ್ಣುವ ಮಾತು. ಹೋಟೆಲಿನಲ್ಲಿ ತಿಂದು ಬಂದೆನೆಂದು ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಕಾಲವೊಂದಿತ್ತು. ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬ ಪ್ರಶ್ನೆ ರುಚಿಗಿಂತ ದೊಡ್ಡದಾಗಿತ್ತು. ಕರಾವಳಿಯಿಂದ ಬಂದ ಪರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ತೆರೆದ ಹೋಟೆಲಿನ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. 1960ರಲ್ಲಿ ಅದೇ ಮಾವಳ್ಳಿ ಟಿಫನ್ ರೂಮ್ಸ್ ಎನಿಸಿತು. ಈ ಎರಡು ಹೆಸರುಗಳ ನಡುವೆ 36 ವರ್ಷಗಳಿವೆ. ಆ ಅವಧಿಯಲ್ಲಿ ದೇಶವೇ ಬದಲಾಗಿತ್ತು. ಜಾತಿಯ ಕಾರಣದಿಂದ ಯಾರನ್ನೂ ಹೋಟೆಲಿನ ಬಾಗಿಲಲ್ಲಿ ತಡೆಯಕೂಡದೆಂದು 1950ರ ಸಂವಿಧಾನ ಸಾರಿತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ 1955ರಲ್ಲಿ ಬಂದಿತು. ಹೆಸರು ಬದಲಾದುದಕ್ಕೆ ಕಾಯಿದೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲ ಮೇಲಿನ ಹಲಗೆಯೂ ಚರಿತ್ರೆಯ ಒಂದು ಪುಟವಾಗಬಲ್ಲದು.

ಮುಂದೆ 1980ರ ದಶಕದಲ್ಲಿ ದರ್ಶಿನಿಗಳು ಬಂದವು. ಚೀಟಿ ಕೊಂಡು, ತಟ್ಟೆ ಹಿಡಿದು, ನಿಂತೇ ತಿನ್ನುವ ಏರ್ಪಾಡು. ಪಂಕ್ತಿಯೇ ಇಲ್ಲದಲ್ಲಿ ಪಂಕ್ತಿಭೇದ ಎಲ್ಲಿಂದ ಬರಬೇಕು? ಪಕ್ಕದವನು ಯಾವ ಕುಲದವನೆಂದು ಕೇಳುವಷ್ಟರಲ್ಲಿ ಇಡ್ಲಿ ಆರಿಹೋಗುತ್ತದೆ!

ಆಟದ ಮೈದಾನವೂ ಇಂಥದೇ ಒಂದು ಪಂಕ್ತಿ. 1974ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಹದಿನೈದು ವರ್ಷ ಎಡೆಬಿಡದೆ ಗೆದ್ದಿದ್ದ ಮುಂಬಯಿ ತಂಡವನ್ನು ನಮ್ಮವರು ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಹಿಂದಿಕ್ಕಿದರು. ವಿಶ್ವನಾಥರ ಬ್ಯಾಟು, ಪ್ರಸನ್ನರ ಚೆಂಡು ಮನೆಮಾತಾದವು. ಆ ವರ್ಷ ರಣಜಿ ಪಾರಿತೋಷಕ ಮೊದಲ ಬಾರಿಗೆ ಕರ್ನಾಟಕಕ್ಕೆ ಬಂದಿತು. ಅದೇ ನವೆಂಬರಿನಲ್ಲಿ ಊರಿನ ಮೊದಲ ಟೆಸ್ಟ್ ಪಂದ್ಯ ನಡೆಯಿತು. ವೆಸ್ಟ್ ಇಂಡೀಸ್ 267 ರನ್ನುಗಳಿಂದ ಗೆದ್ದಿತು. ರಿಚರ್ಡ್ಸ್ ಮತ್ತು ಗ್ರೀನಿಜ್ ತಮ್ಮ ಮೊದಲ ಟೆಸ್ಟ್ ಆಡಿದುದು ಇಲ್ಲಿಯೇ.

ಕೊನೆಗೆ ಬಸವನಗುಡಿಯ ಕಡಲೆಕಾಯಿ ಪರಿಷೆ; ಊರಿನ ತಿಂಡಿಯ ಮೇಳಗಳಿಗೆಲ್ಲ ಇದೇ ಹಿರಿಯಕ್ಕ. ಸುಂಕೇನಹಳ್ಳಿಯ ಸುತ್ತಿನ ಹೊಲಗಳಲ್ಲಿ ಕಡಲೆಕಾಯಿ ಬೆಳೆಯನ್ನು ಬಸವ ಮೇಯುತ್ತಿತ್ತೆಂದೂ, ರೈತರು ಮೊದಲ ಫಸಲನ್ನು ಅದಕ್ಕೇ ಮುಡಿಪಿಟ್ಟರೆಂದೂ ಕಥೆ. ಗುಡಿ ಕೆಂಪೇಗೌಡರ ಕಾಲದ್ದೆನ್ನುತ್ತಾರೆ. ಕಡಲೆಕಾಯಿಯ ತವರಾದರೋ ದಕ್ಷಿಣ ಅಮೆರಿಕ. ಸಮುದ್ರ ದಾಟಿ ಬಂದ ಈ ಬೀಜ ದಕ್ಷಿಣ ಭಾರತದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿದುದು 19ನೆಯ ಶತಮಾನದಲ್ಲಿ. ಆದ್ದರಿಂದ ಗುಡಿ ಹಳೆಯದು, ಕಾಯಿ ಹೊಸದು ಎಂದು ತೋರುತ್ತದೆ. ಹೊರಗಿನಿಂದ ಬಂದುದನ್ನು ಬಸವನಿಗೆ ನೈವೇದ್ಯ ಮಾಡಿ ನಮ್ಮದಾಗಿಸಿಕೊಂಡ ಜನರ ಜಾಣತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪರಿಷೆ ನಡೆಯುವುದು ಕಾರ್ತಿಕದ ಕಡೆಯ ಸೋಮವಾರ, ಬಸವನ ವಾರ. ಈಗ ಅದರ ಹಿಂದಿನ ಶನಿವಾರ ಭಾನುವಾರಗಳಲ್ಲೇ ಜನ ಕಿಕ್ಕಿರಿಯುತ್ತಾರೆ. ಎತ್ತಿನ ರಜೆಯೂ ಮನುಷ್ಯನ ರಜೆಯೂ ಅಲ್ಲಿ ಕೈಕೈ ಹಿಡಿದಿವೆ.

ಒಂದು ಮಾತು ಮಾತ್ರ ಉಳಿಯಿತು. ಭಾನುವಾರ ನಮಗೆ ದೋಸೆ ಹುಯ್ಯುವವರಿಗೆ, ಪಾತ್ರೆ ತೊಳೆಯುವವರಿಗೆ, ಬೀದಿಯಲ್ಲಿ ಬಿದ್ದ ಕಡಲೆ ಸಿಪ್ಪೆ ಗುಡಿಸುವವರಿಗೆ ಅದೇ ಎಲ್ಲಕ್ಕಿಂತ ಭಾರದ ದಿನ. ಬಸವನಿಗೆ ಒಂದು ದಿನ ನೊಗ ಇಳಿಸಿದ ಹಿರಿಯರ ನೆನಪು ನಮ್ಮಲ್ಲಿ ನಿಜವಾಗಿ ಉಳಿದಿದ್ದರೆ, ಇವರಿಗೂ ವಾರದಲ್ಲಿ ಒಂದು ದಿನ ತಪ್ಪದೆ ಬಿಡುವು ದೊರೆಯುತ್ತಿದೆಯೇ ಎಂದು ಕಾಫಿಯ ಲೋಟ ಕೆಳಗಿಡುವಾಗ ಒಮ್ಮೆ ಕೇಳಬೇಡವೆ?