ಆಗದೆಹೋದ ಸಾಮ್ರಾಜ್ಯ: ವಿಶಾಲ ಜರ್ಮನಿಯ ಅಧ್ಯಯನ ನಡೆದು ಬಂದ ದಾರಿ

1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯಲ್ಲಿ ಘೋಷಣೆಯಾದ ಜರ್ಮನ್ ಸಾಮ್ರಾಜ್ಯದಲ್ಲಿ ಆಸ್ಟ್ರಿಯಕ್ಕೆ ಜಾಗವಿರಲಿಲ್ಲ. ವಿಯೆನ್ನಾ, ಪ್ರಾಗ್, ಲ್ಯುಬ್ಲಿಯಾನಾ, ಟ್ರಿಯೆಸ್ಟ್ ನಗರಗಳು 1866ರವರೆಗೂ ಜರ್ಮನ್ ಒಕ್ಕೂಟದೊಳಗಿದ್ದವು. ಆ ವರ್ಷ ಆಸ್ಟ್ರಿಯದ ಮೇಲೆ ಪ್ರಷ್ಯ ಗೆದ್ದ ನಂತರ ಹೊರಗುಳಿದವು. ಇವನ್ನೂ ಒಳಗೊಂಡು, ಚೆಕ್, ಸ್ಲೊವೇನ್, ಇಟಾಲಿಯನ್ ಮಾತಾಡುವವರಿಗೂ ನೆಲೆಯಾಗುವ ದೊಡ್ಡ ಸಾಮ್ರಾಜ್ಯವೊಂದು, ಅಂದರೆ ‘ವಿಶಾಲ ಜರ್ಮನಿ’, ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ನೂರೈವತ್ತು ವರ್ಷಗಳಿಗೂ ಮಿಕ್ಕಿ ಕೇಳುತ್ತ ಬಂದಿದ್ದಾರೆ. ಈಗ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕಂಪ್ಯೂಟರ್ ಆಟಗಳಲ್ಲಿ. 1836ರಿಂದ ಶುರುವಾಗುವ ‘ವಿಕ್ಟೋರಿಯ 3’ರಲ್ಲಿ ಆಟಗಾರ ಆಸ್ಟ್ರಿಯವನ್ನೂ ಸೇರಿಸಿ ಜರ್ಮನಿಯನ್ನು ಕಟ್ಟಿ ನಕ್ಷೆಗೆ ಒಂದೇ ಬಣ್ಣ ಬಳಿಯಬಹುದು. ಆ ಬಣ್ಣದಡಿಯ ಜನ ಯಾವ ಭಾಷೆಯಲ್ಲಿ ಶಾಲೆ ಕಲಿಯುತ್ತಿದ್ದರು, ಯಾವ ಭಾಷೆಯಲ್ಲಿ ನ್ಯಾಯ ಕೇಳುತ್ತಿದ್ದರು ಎಂಬುದನ್ನು ನಕ್ಷೆ ಹೇಳುವುದಿಲ್ಲ. ಈ ಅಧ್ಯಯನಕ್ಕೆ ಬೆಲೆ ಬರುವುದು ಅದೇ ಪ್ರಶ್ನೆಯಿಂದ.

ಮೊದಲ ಘಟ್ಟದ ಬರಹಗಳು ರಾಜಕೀಯ ಕಾಳಗದ ಭಾಗವೇ ಆಗಿದ್ದವು. 1859ರಲ್ಲಿ ಇತಿಹಾಸಕಾರ ಹೈನ್ರಿಕ್ ಫಾನ್ ಸೀಬೆಲ್, ಮಧ್ಯಯುಗದ ಚಕ್ರವರ್ತಿಗಳು ಇಟಲಿಯ ಬೆನ್ನುಹತ್ತಿ ಜರ್ಮನ್ ರಾಷ್ಟ್ರದ ಹಿತವನ್ನು ಹಾಳುಮಾಡಿದರು ಎಂದು ವಾದಿಸಿದ. ಎರಡು ವರ್ಷಗಳ ಬಳಿಕ ಇನ್ಸ್‌ಬ್ರುಕ್‌ನಿಂದ ಯೂಲಿಯುಸ್ ಫಿಕರ್ ಉತ್ತರ ಕೊಟ್ಟ: ಹಲವು ಜನಾಂಗಗಳನ್ನು ಸಡಿಲವಾಗಿ ಹಿಡಿದಿಟ್ಟುಕೊಂಡ ಹಳೆಯ ಸಾಮ್ರಾಜ್ಯವೇ ಮಧ್ಯ ಯುರೋಪಿಗೆ ಒಗ್ಗುವ ವ್ಯವಸ್ಥೆ. ಹೆಸರಿಗೆ ಇದು ಮಧ್ಯಯುಗದ ಚರ್ಚೆ. ಇಬ್ಬರ ಕಣ್ಣೂ ಇದ್ದದ್ದು ಪ್ರಷ್ಯ–ಆಸ್ಟ್ರಿಯಗಳ ಪೈಪೋಟಿಯ ಮೇಲೆ. 1866ರ ಜುಲೈ 3ರಂದು ಕೋನಿಗ್‌ಗ್ರೆಟ್ಸ್ ಯುದ್ಧಭೂಮಿಯಲ್ಲಿ ಪ್ರಷ್ಯ ಗೆದ್ದಿತು. ಸೀಬೆಲ್ ಮತ್ತು ಇತಿಹಾಸಕಾರ ಟ್ರೈಚ್ಕೆಯವರ ಪಂಥ ಆ ಗೆಲುವನ್ನೇ ಇತಿಹಾಸದ ತೀರ್ಪೆಂದು ಬರೆಯಿತು. ಫಿಕರ್‌ನ ವಾದಕ್ಕೆ ಯಾರೂ ಸಮರ್ಪಕ ಉತ್ತರ ಕೊಡಲಿಲ್ಲ. ಅದು ಮೂಲೆಗೆ ಸರಿಯಿತು, ಅಷ್ಟೆ.

1915ರಲ್ಲಿ ಜರ್ಮನ್ ರಾಜಕಾರಣಿ ಫ್ರೀಡ್ರಿಕ್ ನೌಮನ್ ‘ಮಿಟ್ಟೆಲ್‌ಓಯ್ರೋಪಾ’ ಗ್ರಂಥದಲ್ಲಿ ಮಧ್ಯ ಯುರೋಪಿನ ಆರ್ಥಿಕ ಒಕ್ಕೂಟದ ಕನಸನ್ನು ಮತ್ತೆ ಮುಂದಿಟ್ಟ. ಆಸ್ಟ್ರಿಯದ ಹೈನ್ರಿಕ್ ಫಾನ್ ಸ್ರ್ಬಿಕ್ 1935ರಿಂದ ಹೊರತಂದ ‘ಡಾಯ್ಚೆ ಐನ್‌ಹೈಟ್’ನ ಸಂಪುಟಗಳಲ್ಲಿ ಪ್ರಷ್ಯ, ಆಸ್ಟ್ರಿಯಗಳೆರಡನ್ನೂ ಒಂದೇ ಚರಿತ್ರೆಯಾಗಿ ಕಂಡ. ವಿದ್ವತ್ತಿನಲ್ಲಿ ಅವು ದೊಡ್ಡ ಸಂಪುಟಗಳೇ. ಆದರೆ 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದಾಗ ಸ್ರ್ಬಿಕ್ ಅದನ್ನು ಸ್ವಾಗತಿಸಿ ನಾಜಿ ಸಂಸತ್ತಿನ ಸದಸ್ಯನೂ ಆದ. ವಿಶಾಲ ಜರ್ಮನಿ ಎಂಬ ವಿಚಾರಕ್ಕೆ ಅಂಟಿದ ಆ ಕಳಂಕ ಸುಲಭಕ್ಕೆ ಅಳಿಯುವಂಥದ್ದಲ್ಲ. 1848ರ ವಿಶಾಲ ಜರ್ಮನಿವಾದಿಗಳೆಲ್ಲ ಹಿಟ್ಲರನ ಪೂರ್ವಜರು ಎಂಬ ಓದು ಜನಪ್ರಿಯ ಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ. ಅದು ತಪ್ಪು ಓದು.

ತಪ್ಪೆನ್ನಲು ಆಧಾರ ಫ್ರಾಂಕ್‌ಫರ್ಟ್‌ನ ಸಂತ ಪಾಲ್ ಚರ್ಚಿನಲ್ಲಿ 1848ರ ಮೇ 18ರಂದು ಕೂಡಿದ ರಾಷ್ಟ್ರೀಯ ಸಭೆಯ ಕಲಾಪದಲ್ಲಿಯೇ ಇದೆ. 1977ರಲ್ಲಿ ಗ್ಯುಂಟರ್ ವೊಲ್‌ಸ್ಟೈನ್ ಸಭೆಯ ಗಡಿ ಚರ್ಚೆಗಳನ್ನು ಪ್ರದೇಶ ಪ್ರದೇಶವಾಗಿ ಬಿಡಿಸಿ ನೋಡಿದ ಮೇಲೆ ಈ ಕ್ಷೇತ್ರಕ್ಕೆ ಗಟ್ಟಿ ನೆಲ ಸಿಕ್ಕಿತು. ಅಲ್ಲಿ ಕಾಣುವುದು ಒಂದೇ ಧ್ವನಿಯಲ್ಲ. 1848ರ ಜುಲೈನಲ್ಲಿ ಪ್ರಷ್ಯದ ಪೊಜ್ನಾನ್ ಪ್ರಾಂತದ ಪೋಲಿಷರ ಪ್ರಶ್ನೆ ಬಂದಾಗ ಪ್ರತಿನಿಧಿ ವಿಲ್ಹೆಲ್ಮ್ ಯೊರ್ಡಾನ್ ರಾಷ್ಟ್ರದ ಸ್ವಾರ್ಥವನ್ನು ಬಹಿರಂಗವಾಗಿ ಎತ್ತಿಹಿಡಿದ. ಟ್ರೆಂಟೊ ಕಡೆಯ ಇಟಾಲಿಯನ್ ಪ್ರತಿನಿಧಿಗಳು ತಮ್ಮ ನಾಡನ್ನು ಒಕ್ಕೂಟದಿಂದ ಬಿಡಿಸಿಕೊಡಿ ಎಂದು ಕೇಳಿದಾಗ ಸಭೆ ಒಪ್ಪಲಿಲ್ಲ. ಚೆಕ್ ಇತಿಹಾಸಕಾರ ಫ್ರಾಂಟಿಷೆಕ್ ಪಲಾಟ್ಸ್ಕಿಯಂತೂ ಸಭೆ ಕೂಡುವ ಮೊದಲೇ, ಏಪ್ರಿಲ್ 11ರ ಪತ್ರದಲ್ಲಿ, ಆಹ್ವಾನವನ್ನು ನಿರಾಕರಿಸಿದ್ದ. ಬೊಹೀಮಿಯದ ಹೆಚ್ಚಿನ ಚೆಕ್ ಕ್ಷೇತ್ರಗಳಲ್ಲಿ ಚುನಾವಣೆಯೇ ನಡೆಯಲಿಲ್ಲ. ಇಷ್ಟಾದರೂ ಅದೇ ಸಭೆ 1849ರ ಸಂವಿಧಾನದ 188ನೆಯ ವಿಧಿಯಲ್ಲಿ, ಜರ್ಮನ್ ಮಾತಾಡದ ಜನರಿಗೆ ಅವರವರ ಪ್ರದೇಶದಲ್ಲಿ ಚರ್ಚು, ಶಿಕ್ಷಣ, ಆಡಳಿತ, ನ್ಯಾಯಾಲಯಗಳಲ್ಲಿ ಸ್ವಭಾಷೆಯ ಸಮಾನ ಹಕ್ಕನ್ನು ಕೊಟ್ಟಿತು. ಬಿಸ್ಮಾರ್ಕನ 1871ರ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯೇ ಇಲ್ಲ. 1876ರಲ್ಲಿ ಪ್ರಷ್ಯ ಜರ್ಮನ್ ಒಂದನ್ನೇ ಆಡಳಿತ ಭಾಷೆಯಾಗಿಸಿದಾಗ ಪೋಲಿಷರಿಗೆ ಆಸರೆಯಾಗಿ ಹಿಡಿಯಲು ಅಂಥ ವಿಧಿ ಇರಲಿಲ್ಲ.

ವಿಶಾಲ ಜರ್ಮನಿ ಮುರಿದುಬಿದ್ದದ್ದು ಎರಡು ಕಡೆಯ ಹಟದಿಂದ. ಜರ್ಮನ್ ನಾಡುಗಳು ಜರ್ಮನೇತರ ನಾಡುಗಳ ಜೊತೆ ಒಂದೇ ರಾಜ್ಯವಾಗಿರಕೂಡದೆಂದು 1848ರ ಅಕ್ಟೋಬರ್ 27ರಂದು ಸಭೆ ತೀರ್ಮಾನಿಸಿತು. ಅದರಂತೆ ನಡೆದರೆ ಹ್ಯಾಬ್ಸ್‌ಬರ್ಗ್ ರಾಜ್ಯ ಎರಡು ಹೋಳಾಗಬೇಕಿತ್ತು. ನವೆಂಬರ್ 27ರಂದು ಆಸ್ಟ್ರಿಯದ ಪ್ರಧಾನಿ ಶ್ವಾರ್ಟ್ಸೆನ್‌ಬರ್ಗ್ ತನ್ನ ರಾಜ್ಯ ಅಖಂಡವಾಗಿಯೇ ಉಳಿಯುವುದೆಂದು ಸಾರಿದ. ಮುಂದೆ, ಇಡೀ ಸಾಮ್ರಾಜ್ಯವನ್ನೇ ಸೇರಿಸಿಕೊಳ್ಳಿ ಎಂದು ಕೇಳಿದ. ವ್ಯಾಪಾರ ಸಚಿವ ಬ್ರುಕ್ ಅದಕ್ಕೆ ಸುಂಕ ಒಕ್ಕೂಟದ ಯೋಜನೆ ಹೊಸೆದ. ಏಳು ಕೋಟಿ ಜನರ ಸಾಮ್ರಾಜ್ಯ ಎಂಬ ಮಾತು ಹುಟ್ಟಿದ್ದು ಆಗಲೇ. 1849ರ ಮಾರ್ಚ್ 28ರಂದು ಸಭೆ ಪ್ರಷ್ಯದ ದೊರೆಯನ್ನು 290 ಮತಗಳಿಂದ ಚಕ್ರವರ್ತಿಯಾಗಿ ಆರಿಸಿತು. 248 ಮಂದಿ ಮತ ಹಾಕಲಿಲ್ಲ. ದೊರೆ ಆ ಕಿರೀಟವನ್ನು ಸ್ವೀಕರಿಸಲಿಲ್ಲ; ಸಂವಿಧಾನ ಜಾರಿಗೆ ಬರಲೂ ಇಲ್ಲ.

ವೊಲ್‌ಸ್ಟೈನ್ ನಂತರದ ಮೂರು ದಶಕಗಳೇ ಈ ಕ್ಷೇತ್ರದ ಫಲವತ್ತಾದ ಕಾಲ. 1981ರಲ್ಲಿ ಅಮೆರಿಕದ ಜೇಮ್ಸ್ ಶೀಹನ್, ಜರ್ಮನ್ ಚರಿತ್ರೆಯೆಂದರೆ ಯಾವುದರ ಚರಿತ್ರೆ ಎಂದು ನೇರವಾಗಿ ಕೇಳಿ, ಬಿಸ್ಮಾರ್ಕನ ಗಡಿಯನ್ನು ಹಿಂದಿನ ಶತಮಾನಗಳ ಮೇಲೆ ಹೇರುವ ಅಭ್ಯಾಸವನ್ನು ಅಲುಗಾಡಿಸಿದ. 1984ರಲ್ಲಿ ಅಲೆಕ್ಸಾಂಡರ್ ಡೆಮಾಂಟ್, ನಡೆಯದ ಚರಿತ್ರೆಯನ್ನು ಯೋಚಿಸದೆ ನಡೆದದ್ದರ ಕಾರಣಗಳನ್ನು ತೂಗಲಾಗದು ಎಂದು ವಾದಿಸಿದ. ಮರುವರ್ಷ ಹೈನ್ರಿಕ್ ಲುಟ್ಸ್‌ನ ‘ಹ್ಯಾಬ್ಸ್‌ಬರ್ಗ್ ಮತ್ತು ಪ್ರಷ್ಯದ ನಡುವೆ’ ಬಂತು; ಅದು 1866ರವರೆಗಿನ ದಾರಿಯನ್ನು ಕೊನೆ ಗೊತ್ತಿಲ್ಲದವರ ಕಣ್ಣಿಂದ ಹೇಳಿದ ಕೃತಿ. ಅದೇ 1985ರಲ್ಲಿ ಗೆರಾಲ್ಡ್ ಷ್ಟೂರ್ಟ್ಸ್, ಆಸ್ಟ್ರಿಯದ 1867ರ ಮೂಲ ಕಾನೂನಿನ 19ನೆಯ ವಿಧಿ ಜನಾಂಗಗಳಿಗೆ ಕೊಟ್ಟ ಸಮಾನತೆ ಶಾಲೆ, ಕಚೇರಿ, ಕೋರ್ಟುಗಳಲ್ಲಿ ಹೇಗೆ ನಡೆಯಿತು ಎಂಬುದನ್ನು ತೋರಿಸಿದ. ಈ ಸಾಲಿನಲ್ಲಿ ಅತ್ಯಂತ ಮುಖ್ಯವಾದದ್ದು ಷ್ಟೂರ್ಟ್ಸ್‌ನ ಕೃತಿಯೇ. ಫ್ರಾಂಕ್‌ಫರ್ಟ್‌ನ 188ನೆಯ ವಿಧಿ ಜಾರಿಯಾಗಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ನಮಗೆ ಸಿಗುವ ಹತ್ತಿರದ ಪುರಾವೆ ಅದರಲ್ಲಿದೆ. ಬ್ರಯನ್ ವಿಕ್ 2002ರಲ್ಲಿ ಫ್ರಾಂಕ್‌ಫರ್ಟ್‌ನವರ ರಾಷ್ಟ್ರ ಕಲ್ಪನೆಯನ್ನು ಮರುಪರಿಶೀಲಿಸಿದ. ಡೀಟರ್ ಲಾಂಗೆವೀಷೆ ಒಕ್ಕೂಟ ಪರಂಪರೆಯನ್ನು ಜರ್ಮನ್ ರಾಷ್ಟ್ರೀಯತೆಯ ನಡುವಿಗೇ ತಂದ.

ಪರ್ಯಾಯ ಚರಿತ್ರೆಯ ಜನಪ್ರಿಯ ಶಾಖೆ ಈ ಕೆಲಸವನ್ನು ಬಹುಮಟ್ಟಿಗೆ ಗಮನಿಸಲೇ ಇಲ್ಲ. ನಿಯಲ್ ಫರ್ಗುಸನ್ 1997ರಲ್ಲಿ ಸಂಪಾದಿಸಿದ ‘ವರ್ಚುವಲ್ ಹಿಸ್ಟರಿ’ಯಲ್ಲಿ 1914ಕ್ಕೆ ಒಂದು, ನಾಜಿ ಗೆಲುವಿಗೆ ಎರಡು ಅಧ್ಯಾಯಗಳಿವೆ, 1848ಕ್ಕಾಗಲಿ 1866ಕ್ಕಾಗಲಿ ಒಂದೂ ಇಲ್ಲ. ಇಂಥ ಬರಹಗಳಲ್ಲಿ ಲೇಖಕರ ಆಸೆಗಳೇ ಚರಿತ್ರೆಯ ವೇಷ ತೊಡುತ್ತವೆ ಎಂದು ರಿಚರ್ಡ್ ಇವಾನ್ಸ್ 2014ರಲ್ಲಿ ಎತ್ತಿದ ಆಕ್ಷೇಪ ಯುದ್ಧಭೂಮಿಯ ಕಲ್ಪನೆಗಳಿಗೆ ಸರಿಯಾಗಿ ತಾಗುತ್ತದೆ. ಕಾನೂನು, ಸುಂಕ, ಶಾಲೆಗಳ ದಾಖಲೆಯಿಂದ ಹೊರಡುವ ಊಹೆಗೆ ಅದು ಅಷ್ಟಾಗಿ ತಾಗದು. ಪೀಟರ್ ಜಡ್ಸನ್‌ನ 2016ರ ಹ್ಯಾಬ್ಸ್‌ಬರ್ಗ್ ಚರಿತ್ರೆ, ಹಲವು ಭಾಷೆಗಳ ಸಾಮ್ರಾಜ್ಯ ಒಡೆಯಲೆಂದೇ ಹುಟ್ಟಿದ್ದು ಎಂಬ ಹಳೆಯ ನಂಬಿಕೆಯನ್ನು ಸಡಿಲಿಸಿ, ಈ ಊಹೆಗೆ ಇನ್ನಷ್ಟು ಬಲ ಕೊಟ್ಟಿದೆ.

ಕೊರತೆ ಉಳಿದಿರುವುದು ಬೇರೆ ಕಡೆ. ಫ್ರಾಂಕ್‌ಫರ್ಟ್‌ನ ಭಾಷಣಗಳನ್ನು ಮತ್ತೆ ಮತ್ತೆ ಓದಿದಷ್ಟು ಶ್ರದ್ಧೆಯಿಂದ ಚೆಕ್ ಮತ್ತು ಸ್ಲೊವೇನ್ ಪತ್ರಿಕೆಗಳನ್ನು, ಟ್ರೆಂಟೊದ ಮನವಿಗಳನ್ನು, ಪೊಜ್ನಾನ್‌ನ ಪೋಲಿಷ್ ಬರಹಗಳನ್ನು ಒಟ್ಟಿಗಿಟ್ಟು ಓದಿದ ಕೃತಿಗಳು ವಿರಳ. ಪಲಾಟ್ಸ್ಕಿ ಬೇಡವೆಂದದ್ದು ಜರ್ಮನ್ ರಾಷ್ಟ್ರರಾಜ್ಯವನ್ನು. ಹಲವು ಜನಾಂಗಗಳ ಒಕ್ಕೂಟವನ್ನಲ್ಲ. ಆಸ್ಟ್ರಿಯವನ್ನು ಅಂಥ ಒಕ್ಕೂಟವಾಗಿ ಉಳಿಸುವುದೇ ಅವನ ಹಂಬಲವಾಗಿತ್ತು. ಸಾಮ್ರಾಜ್ಯ ದೊಡ್ಡದಾಗಬೇಕೆಂದವರ ಮಾತನ್ನು ಈ ಕ್ಷೇತ್ರ ಸಾಕಷ್ಟು ಕೇಳಿದೆ. ಯಾವ ಷರತ್ತಿನ ಮೇಲೆ ಒಳಗೆ ಬರುತ್ತೇವೆಂದವರ ಮಾತನ್ನು ಇನ್ನು ಮುಂದೆ ಬರೆಯುವವರು ಮೊದಲು ಕೇಳಬೇಕು.