‘ಮಗುವಾದರೆ ಸರಿಹೋಗುತ್ತದೆ’: ಎಂಡೊಮೆಟ್ರಿಯೋಸಿಸ್‌ನ ಚರಿತ್ರೆ ಮತ್ತು ಮುಟ್ಟಿನ ನೋವಿನ ಭಾಷೆ

ಕನ್ನಡ ಜಾನಪದ ಅಧ್ಯಯನದಲ್ಲಿ ಮುಟ್ಟನ್ನು ಕುರಿತ ಬರಹಕ್ಕೆ ಕೊರತೆಯಿಲ್ಲ. ಮೈನೆರೆದ ಹುಡುಗಿಗೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಒಸಗೆ, ಆರತಿ, ಸೋಬಾನೆ ಪದ ಇವೆಲ್ಲವೂ ದಾಖಲಾಗಿವೆ. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯಾಚೆ ಇರಿಸುವ ಆಚರಣೆಯೂ ಸಾಕಷ್ಟು ಚರ್ಚೆಗೆ ಒಳಗಾಗಿದೆ. ಈ ಬರಹಗಳಲ್ಲಿ ಅಪರೂಪವಾಗಿರುವುದು ಮುಟ್ಟಿನ ನೋವು. ಇದಕ್ಕೆ ಭಾಷೆಯೂ ಒಂದು ಕಾರಣವೆಂದು ತೋರುತ್ತದೆ. ‘ಮುಟ್ಟು’, ‘ಹೊರಗಾಗುವುದು’, ‘ಹೊರಗೆ ಕೂರುವುದು’ ಎಂಬ ಮಾತುಗಳು ಹೆಣ್ಣು ಎಲ್ಲಿರಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಸೂಚಿಸುತ್ತವೆಯೇ ಹೊರತು ಅವಳ ಮೈಯಲ್ಲಿ ಏನಾಗುತ್ತಿದೆ ಎಂಬುದನ್ನಲ್ಲ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಅದು ಬಹುದೊಡ್ಡ ಹೆಜ್ಜೆಯೇ ಸರಿ. ಆದರೆ ಅಲ್ಲಿಯೂ ಪ್ರಶ್ನೆಗೆ ಒಳಗಾದದ್ದು ಮೈಲಿಗೆ, ನೋವಲ್ಲ.

ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯ ಚರಿತ್ರೆಯನ್ನು ಜಾನಪದ ವಿದ್ಯಾರ್ಥಿ ಓದಬೇಕಾದುದು ಈ ಹಿನ್ನೆಲೆಯಲ್ಲಿ. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಕಿಬ್ಬೊಟ್ಟೆಯ ಪೊರೆ, ಕೆಲವೊಮ್ಮೆ ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆಯುವುದೇ ಈ ವ್ಯಾಧಿ. ಅಲ್ಲಿ ಉರಿಯೂತ ಉಂಟಾಗಿ, ಗಾಯದ ಕಲೆಗಟ್ಟಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಮುಟ್ಟಿನ ದಿನಗಳ ತೀವ್ರ ನೋವು, ಸಂಭೋಗದಲ್ಲಿ ಹಾಗೂ ಮಲವಿಸರ್ಜನೆಯಲ್ಲಿ ನೋವು, ಬಳಲಿಕೆ, ಬಂಜೆತನ ಇವು ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಯೋಗ್ಯ ವಯಸ್ಸಿನ ಸುಮಾರು 10 ಶೇಕಡ, ಅಂದರೆ 19 ಕೋಟಿಯಷ್ಟು ಹೆಣ್ಣುಮಕ್ಕಳು ಇದರಿಂದ ಬಾಧಿತರು. (‘ಒಳಗೆ’ ಎಂಬರ್ಥದ ಗ್ರೀಕ್ ಪದದಿಂದ ಹುಟ್ಟಿದ ಹೆಸರು ‘ಹೊರಗೆ’ ಬೆಳೆಯುವ ವ್ಯಾಧಿಗೆ ಅಂಟಿಕೊಂಡಿರುವುದು ಒಂದು ವಿಪರ್ಯಾಸ.)

ಚರಕಸಂಹಿತೆಯ ಚಿಕಿತ್ಸಾಸ್ಥಾನವು ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಹೇಳುತ್ತದೆ. ಅವುಗಳಲ್ಲಿ ಉದಾವರ್ತಿನಿಯ ಲಕ್ಷಣವೆಂದರೆ ರಜಸ್ಸು ಕಷ್ಟದಿಂದ ಸ್ರವಿಸುವುದು, ಸ್ರಾವವಾದೊಡನೆ ನೋವು ಶಮನವಾಗುವುದು. ಇದನ್ನು ಇಂದಿನ ಎಂಡೊಮೆಟ್ರಿಯೋಸಿಸ್ ಎಂದೇ ಗುರುತಿಸುವುದು ಆತುರದ ನಿರ್ಣಯವಾದೀತು. ಮುಟ್ಟಿನ ನೋವು ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೆಂದು ಶಾಸ್ತ್ರವು ಒಪ್ಪಿತ್ತು ಎಂಬಷ್ಟನ್ನು ಮಾತ್ರ ಇದರಿಂದ ಹೇಳಬಹುದು.

ಆಧುನಿಕ ವೈದ್ಯಚರಿತ್ರೆ ಸಾಮಾನ್ಯವಾಗಿ 1860ರಲ್ಲಿ ವಿಯೆನ್ನಾದ ಕಾರ್ಲ್ ಫಾನ್ ರೋಕಿಟಾನ್‌ಸ್ಕಿಯಿಂದ ಆರಂಭವಾಗುತ್ತದೆ. ಆತ ವಿವರಿಸಿದ್ದು ಇದೇ ವ್ಯಾಧಿಯನ್ನೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅಮೆರಿಕದ ಆಲ್ಬನಿ ನಗರದ ಜಾನ್ ಸ್ಯಾಂಪ್ಸನ್ 1921ರಲ್ಲಿ ಅಂಡಾಶಯದ ರಕ್ತಗಂಟುಗಳನ್ನು ವರ್ಣಿಸಿದನು. ಮುಟ್ಟಿನ ರಕ್ತ ನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಕಿಬ್ಬೊಟ್ಟೆಯಲ್ಲಿ ಬೇರೂರುತ್ತದೆಂಬ ವಾದವನ್ನು 1927ರಲ್ಲಿ ಮಂಡಿಸಿದನು. ವ್ಯಾಧಿಯ ಹೆಸರೂ ಅವನದೇ. ಹಿಮ್ಮುಖ ಸ್ರಾವ ಬಹುಪಾಲು ಹೆಂಗಸರಲ್ಲಿ ಆಗುತ್ತದೆ, ವ್ಯಾಧಿ ಮಾತ್ರ ಕೆಲವರಿಗೆ ಬರುತ್ತದೆ; ಆದ್ದರಿಂದ ಆ ವಾದವು ಇಂದಿಗೂ ಅಪೂರ್ಣ.

ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯನಾದವನು ಬಾಸ್ಟನ್ನಿನ ಜೋ ವಿನ್ಸೆಂಟ್ ಮೀಗ್ಸ್. 1930–40ರ ದಶಕಗಳಲ್ಲಿ ಆತ, ಇದು ತಡವಾಗಿ ಮದುವೆಯಾಗುವ, ಹೆರಿಗೆಯನ್ನು ಮುಂದೂಡುವ ಅನುಕೂಲಸ್ಥ ಮಹಿಳೆಯರ ವ್ಯಾಧಿಯೆಂದು ಬಗೆದು, ಬೇಗ ಮದುವೆ, ಬೇಗ ಮಕ್ಕಳು ಎಂಬ ಪರಿಹಾರವನ್ನು ಸೂಚಿಸಿದನು. ಇದರ ಪರಿಣಾಮ ಘೋರವಾಗಿತ್ತು. ಬಡವರಲ್ಲಿ, ಕಪ್ಪು ಜನಾಂಗದ ಹೆಂಗಸರಲ್ಲಿ ಈ ವ್ಯಾಧಿ ಇರಲಾರದೆಂಬ ನಂಬಿಕೆ ವೈದ್ಯಲೋಕದಲ್ಲಿ ನೆಲೆಯೂರಿತು. 1976ರಲ್ಲಿ ಡೊನಾಲ್ಡ್ ಚಾಟ್‌ಮನ್ ಎಂಬ ವೈದ್ಯನು, ಕಿಬ್ಬೊಟ್ಟೆಯ ಸೋಂಕೆಂದು ನಿರ್ಣಯಿಸಲ್ಪಟ್ಟಿದ್ದ ಕಪ್ಪು ಮಹಿಳೆಯರಲ್ಲಿ ಹಲವರಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್ ಎಂದು ತೋರಿಸಿಕೊಟ್ಟನು. 1980ರಲ್ಲಿ ಮಿಲ್ವಾಕಿಯಲ್ಲಿ ರೋಗಿಗಳೇ ಸೇರಿ ಸಂಘವನ್ನು ಕಟ್ಟಿಕೊಂಡುದನ್ನು ಈ ಬೆಳವಣಿಗೆಯ ಮುಂದುವರಿಕೆಯಾಗಿ ನೋಡಬಹುದು.

‘ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ’ ಎಂಬುದು ನಮ್ಮ ಮನೆಗಳಲ್ಲಿಯೂ ಕೇಳಿಬರುವ ಮಾತು. ಇದನ್ನು ಅಜ್ಞಾನದ ಹಳ್ಳಿಮಾತೆಂದು ತಳ್ಳಿಹಾಕುವ ವಿದ್ಯಾವಂತರು, ಇದೇ ಮಾತನ್ನು ಬಾಸ್ಟನ್ನಿನ ವೈದ್ಯನೂ ಹೇಳಿದ್ದನೆಂಬುದನ್ನು ಗಮನಿಸಬೇಕು. ಯೂರೋಪಿನ ಸಂತಾನವೈದ್ಯ ಸಂಘದ 2022ರ ಮಾರ್ಗಸೂಚಿಯು, ವ್ಯಾಧಿಯನ್ನು ಗುಣಪಡಿಸುವ ಉದ್ದೇಶವೊಂದರಿಂದಲೇ ಗರ್ಭಧರಿಸಲು ಯಾರಿಗೂ ಸಲಹೆ ನೀಡಬಾರದೆಂದು ಸ್ಪಷ್ಟಪಡಿಸಿದೆ. ರೋಗನಿರ್ಣಯಕ್ಕೆ ಉದರದರ್ಶಕ ಶಸ್ತ್ರಕ್ರಿಯೆಯೇ ಮೊದಲ ಆಧಾರವಾಗಬೇಕಿಲ್ಲ ಎಂದೂ ಅದು ಹೇಳುತ್ತದೆ. ಹೀಗಾದಾಗ ಸ್ಕ್ಯಾನಿನ ಚಿತ್ರದ ಜೊತೆಗೆ ರೋಗಿಯ ಮಾತಿಗೂ ತೂಕ ಹೆಚ್ಚುತ್ತದೆ.

ಜಾನಪದ ವಿದ್ವಾಂಸರ ಪಾತ್ರ ಇರುವುದು ಇಲ್ಲಿಯೇ. ‘ಸೊಂಟ ಕಳಚಿಬಿದ್ದಂತೆ’, ‘ಕಿಬ್ಬೊಟ್ಟೆ ಹಿಂಡಿದಂತೆ’, ‘ತೊಡೆ ಸೆಳೆತ’ ಎಂಬ ಮಾತುಗಳು ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ ಸಲೀಸಾಗಿ ಬರುತ್ತವೆ. ವೈದ್ಯರ ಮುಂದೆ ‘ಹೊಟ್ಟೆನೋವು’ ಎಂಬ ಒಂದೇ ಪದಕ್ಕೆ ಕುಗ್ಗುತ್ತವೆ. ಪ್ರದೇಶವಾರು ಪದಕೋಶಗಳಿಗೆ ಕೃಷಿ, ನೇಯ್ಗೆ, ಕುಂಬಾರಿಕೆಯ ಪದಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಈ ಪದಗಳನ್ನೂ ಸಂಗ್ರಹಿಸಬೇಕಾಗಿದೆ. ಯಾವ ನೋವು, ತಿಂಗಳ ಯಾವ ದಿನ, ಶಾಲೆ ಅಥವಾ ಕೂಲಿ ಎಷ್ಟು ದಿನ ತಪ್ಪಿತು ಎಂಬ ವಿವರಗಳೊಂದಿಗೆ ಅವು ದಾಖಲಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಬಳಕೆಯಾದಾವು. ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ‘ಎಷ್ಟು ದಿನ ಹೊರಗೆ ಇರುತ್ತೀರಿ?’ ಎಂಬುದರ ಕೆಳಗೆ ‘ಎಷ್ಟು ದಿನ ನೋಯುತ್ತದೆ?’ ಎಂಬ ಇನ್ನೊಂದು ಸಾಲನ್ನು ಸೇರಿಸಲು ಹೆಚ್ಚಿನ ಅನುದಾನವೇನೂ ಬೇಕಾಗಿಲ್ಲ.